ಡಿಪ್ರೆಶನ್ ಮಾತ್ರೆ ಶುರು ಮಾಡಿ ಎರಡನೇ ವಾರ. ಹೊಟ್ಟೆ ತೊಳಸು, ಆಕಳಿಕೆ, ಅರೆನಿದ್ದೆ. ನಿಲ್ಲಿಸಿಬಿಡ್ಲಾ?

ನಾಗರಭಾವಿ_ನಿವಾಸಿ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದ್ಕೊಂಡಿದ್ದೆ, ಬರೀತಿರೋದು ಇದೇ ಮೊದಲು. ವಯಸ್ಸು 34, ಆಫೀಸು ಮಾರತ್‌ಹಳ್ಳಿ ಕಡೆ. ಮಳೆಗಾಲದಿಂದ ಯಾವುದರಲ್ಲೂ ಮನಸ್ಸಿಲ್ಲ, ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗಿಬಿಡುತ್ತೆ, ಸ್ನಾನದ ಮನೇಲಿ ನಿಂತು ಅಳೋದು. ಕೊನೆಗೆ ನಮ್ಮನೆಯವರೇ ಬಲವಂತ ಮಾಡಿ ಸೈಕಿಯಾಟ್ರಿಸ್ಟ್ ಹತ್ರ ಕರ್ಕೊಂಡು ಹೋದ್ರು. ಎಸ್ಸಿಟಲೋಪ್ರಾಮ್ ಬರೆದುಕೊಟ್ಟಿದ್ದಾರೆ. ಮೊದಲ ವಾರ 5 ಎಂಜಿ, ಆಮೇಲೆ 10 ಎಂಜಿ, ರಾತ್ರಿ ಊಟ ಆದ್ಮೇಲೆ.

ಈಗ ಎರಡನೇ ವಾರ. ಬೆಳಿಗ್ಗೆ ಒಗ್ಗರಣೆ ವಾಸನೆ ಬಂದ್ರೆ ಸಾಕು, ಹೊಟ್ಟೆ ತೊಳಸುತ್ತೆ. ನಮ್ಮತ್ತೆ ಅಂತೂ "ಏನಮ್ಮಾ, ವಿಶೇಷನಾ?" ಅಂತ ಕಣ್ಣರಳಿಸಿ ಕೇಳಿದ್ರು, ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ. ಮೀಟಿಂಗ್ ಮಧ್ಯ ಒಂದರ ಹಿಂದೊಂದು ಆಕಳಿಕೆ, ನಿದ್ದೆ ಮಾತ್ರ ಬರ್ತಿರಲ್ಲ. ರಾತ್ರಿ ಮಲಗಿದ್ರೆ ಅರೆನಿದ್ದೆ, ಬಣ್ಣಬಣ್ಣದ ಕನಸು, ಎದ್ದಾಗ ದವಡೆ ನೋವು. ಇಷ್ಟೆಲ್ಲ ಅನುಭವಿಸಿದ್ರೂ ಮನಸ್ಸಿಗೆ ಒಂಚೂರೂ ಆರಾಮ ಕಾಣ್ತಿಲ್ಲ.

ಮುಂದಿನ ಅಪಾಯಿಂಟ್‌ಮೆಂಟ್‌ಗೆ ಇನ್ನೂ ಎರಡು ವಾರ ಇದೆ. ಕ್ಲಿನಿಕ್‌ಗೆ ಫೋನ್ ಮಾಡಿದ್ರೆ ರಿಸೆಪ್ಶನ್‌ನವರು "ಬಂದಾಗ ಡಾಕ್ಟರ್‌ಗೆ ಹೇಳಿ ಮೇಡಂ" ಅಂತ ಇಟ್ಟುಬಿಟ್ರು. ನಿಲ್ಲಿಸಿಬಿಡ್ಲಾ? ಯಾರಾದ್ರೂ ಈ ದಾರೀಲಿ ನಡೆದವರು ಇದ್ದೀರಾ?

ಗುರು_ಪೀಣ್ಯ

ಅಕ್ಕಾ, ನನ್ನ ಮಾತು ಕೇಳಿ, ನಿಲ್ಲಿಸಿ. ಈ ಮಾತ್ರೆ ಒಂದ್ಸಲ ಹಿಡಿದ್ರೆ ಸಾಯೋವರೆಗೂ ಬಿಡಲ್ಲ. ನಮ್ಮ ಚಿಕ್ಕಪ್ಪ ವರ್ಷಗಟ್ಟಲೆಯಿಂದ ತಗೋತಿದಾರೆ, ದಿನವಿಡೀ ತೂಕಡಿಕೆ, ಒಂದು ದಿನ ತಪ್ಪಿದ್ರೆ ಕೈ ನಡುಗುತ್ತೆ. ಬೆಳಿಗ್ಗೆ ಎದ್ದು ವಾಕ್ ಮಾಡಿ, ಪ್ರಾಣಾಯಾಮ ಮಾಡಿ, ಫೋನ್ ದೂರ ಇಡಿ. ಎಲ್ಲ ಸರಿಹೋಗುತ್ತೆ.

ಮೆಡಿಕಲ್_ಶಾಪ್_ಮಾಮ

ಗುರು, ವಾಕಿಂಗ್ ಒಳ್ಳೇದೇ, ಅದಕ್ಕೆ ಯಾರ ತಕರಾರೂ ಇಲ್ಲ. ಆದ್ರೆ ಒಂದು ಕೆಲಸ ಮಾಡಿ. ನಿಮ್ಮ ಚಿಕ್ಕಪ್ಪನ ಮಾತ್ರೆ ಶೀಟ್ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ಬ್ರ್ಯಾಂಡ್ ಹೆಸರಿನ ಕೊನೆಗೆ 'ಪ್ಲಸ್' ಅಂತ ಇದೆಯಾ? ಒಳಗೆ ಕ್ಲೋನಜೆಪಾಮ್ ಅಂತ ಬರೆದಿದೆಯಾ?

ಹನುಮಂತನಗರದಲ್ಲಿ ಕೌಂಟರ್ ಹಿಂದೆ ನಿಂತೇ ಕೂದಲು ಬೆಳ್ಳಗಾದವನು ನಾನು. ನಮ್ಮ ದೇಶದಲ್ಲಿ ಎಸ್ಸಿಟಲೋಪ್ರಾಮ್ ಮತ್ತು ಕ್ಲೋನಜೆಪಾಮ್ ಎರಡನ್ನೂ ಸೇರಿಸಿದ ಒಂದೇ ಮಾತ್ರೆ ಸಿಕ್ಕಾಪಟ್ಟೆ ಓಡುತ್ತೆ. ತಗೊಳ್ಳೋವ್ರಿಗೆ ಅದು ಎರಡು ಔಷಧಿ ಅಂತಾನೇ ಗೊತ್ತಿರಲ್ಲ. ಕ್ಲೋನಜೆಪಾಮ್ ಬೇರೆ ಜಾತಿ. ನಿದ್ದೆ ಬರಿಸುತ್ತೆ, ಗಾಬರಿ ಕೂಡಲೇ ಇಳಿಸುತ್ತೆ, ಮೊದಲ ಕೆಲವು ವಾರ ದಾಟಿಸೋಕೆ ಡಾಕ್ಟರ್‌ಗಳು ಕೊಡೋದೂ ಉಂಟು. ತಿಂಗಳುಗಟ್ಟಲೆ ಹೋದ್ರೆ ದೇಹ ಅದಕ್ಕೆ ಒಗ್ಗಿಕೊಂಡುಬಿಡುತ್ತೆ, ತಟ್ಟನೆ ಬಿಟ್ರೆ ಕೈ ನಡುಕ, ನಿದ್ದೆಗೇಡು, ಕೆಲವರಿಗೆ ಫಿಟ್ಸ್ ಕೂಡ. ವಯಸ್ಸಾದವರು ಅದನ್ನ ತಗೊಂಡು ರಾತ್ರಿ ಬಾತ್‌ರೂಮಿಗೆ ಹೋಗುವಾಗ ಬಿದ್ದು ಸೊಂಟ ಮುರ್ಕೊಳ್ಳೋದು ನೋಡಿದ್ದೀನಿ. ತೂಕಡಿಕೆಯ ತಪ್ಪನ್ನೆಲ್ಲ 'ಡಿಪ್ರೆಶನ್ ಮಾತ್ರೆ' ತಲೆಗೆ ಕಟ್ಟೋ ಮುಂಚೆ ಶೀಟ್ ಓದಿ. ಓದಿ ಗೊತ್ತಾದ್ಮೇಲೆ ಚಿಕ್ಕಪ್ಪನಿಗೆ ನೀವೇ ಬಿಡಿಸೋಕೆ ಹೋಗ್ಬೇಡಿ ಮತ್ತೆ. ಅದನ್ನ ಇಳಿಸೋದಕ್ಕೂ ಲೆಕ್ಕಾಚಾರ ಇದೆ, ಡಾಕ್ಟರ್ ಮಾಡಬೇಕು.

ನಾಗರಭಾವಿ ಮೇಡಂ, ನಿಮಗೂ ಅದೇ ಮಾತು. ಶೀಟ್ ಓದಿ, ಪ್ಲೇನ್ ಎಸ್ಸಿಟಲೋಪ್ರಾಮೇ ಹೌದಾ ನೋಡ್ಕೊಳ್ಳಿ. ಯಾರೇ ಸೈಡ್ ಇಫೆಕ್ಟ್ ಅಂತ ಅಂಗಡಿಗೆ ಬಂದ್ರೂ ನಾನು ಕೇಳೋದು ಮೂರೇ. ಯಾವಾಗ ಶುರುವಾಯ್ತು, ದಿನದಿಂದ ದಿನಕ್ಕೆ ಏರ್ತಿದೆಯಾ ಇಳೀತಿದೆಯಾ, ಜೊತೆಗೆ ಇನ್ನೇನು ನುಂಗ್ತಿದ್ದೀರಿ. ಮೂರನೇದಕ್ಕೆ ಎಲ್ರೂ "ಏನಿಲ್ಲ" ಅಂತಾರೆ. ಆಮೇಲೆ ಬ್ಯಾಗಿಂದ ಗ್ಯಾಸ್ ಮಾತ್ರೆ, ಮಂಡಿನೋವಿನ ಮಾತ್ರೆ, ಯಾರೋ ಕೊಟ್ಟ ಚೂರ್ಣ, ಒಂದೊಂದಾಗಿ ಹೊರಗೆ ಬರುತ್ತೆ.

ಪಿಜಿ_ಡೈರಿ

ಮನೋವೈದ್ಯಶಾಸ್ತ್ರದಲ್ಲಿ ಪಿಜಿ ಮಾಡ್ತಿದ್ದೀನಿ. ಡ್ಯೂಟಿ ಮುಗಿಸಿ ಬರೀತಿರೋದು, ಉದ್ದ ಆದ್ರೆ ಬೈಕೋಬೇಡಿ. ನಿಮ್ಮನ್ನ ನೋಡದೆ ನಿಮ್ಮ ಡೋಸ್ ಬಗ್ಗೆ ಏನೂ ಹೇಳಲ್ಲ. ಔಷಧಿ ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನ ಮಾತ್ರ ಹೇಳ್ತೀನಿ.

ಹೊಟ್ಟೆ ಯಾಕೆ ಮೊದಲು ಕೆಡುತ್ತೆ? ಈ ಮಾತ್ರೆಗಳು ನರಗಳ ನಡುವೆ ಸಂದೇಶ ಒಯ್ಯೋ ಸೆರೊಟೋನಿನ್ ಅನ್ನೋ ರಾಸಾಯನಿಕದ ಮೇಲೆ ಕೆಲಸ ಮಾಡ್ತವೆ. ನಮ್ಮ ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ 90ರಷ್ಟು ಇರೋದು ಮಿದುಳಲ್ಲಲ್ಲ, ಕರುಳಲ್ಲಿ. ನುಂಗಿದ ಮಾತ್ರೆಗೆ ಮಿದುಳು ಬೇರೆ, ಕರುಳು ಬೇರೆ ಅಂತ ಗೊತ್ತಾಗಲ್ಲ. ಅದಕ್ಕೇ ವಾಕರಿಕೆ, ಭೇದಿ, ಹಸಿವಿಲ್ಲದಿರೋದು ಮೊದಲ ದಿನಗಳಲ್ಲೇ ಕಾಣುತ್ತೆ. ಮನಸ್ಸಿನ ಮೇಲಿನ ಪರಿಣಾಮ ಹಾಗಲ್ಲ. ಸೆರೊಟೋನಿನ್ ಗಂಟೆಗಳಲ್ಲೇ ಹೆಚ್ಚಾದ್ರೂ ಮಿದುಳಿನ ರಿಸೆಪ್ಟರ್‌ಗಳು (ಆ ಸಂದೇಶ ಹಿಡಿಯೋ ಜಾಗಗಳು) ಅದಕ್ಕೆ ಹೊಂದಿಕೊಂಡು ಬದಲಾಗೋಕೆ ವಾರಗಳು ಬೇಕು. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೆ ಸ್ವಲ್ಪ ಸುಧಾರಣೆ, ಪೂರ್ತಿ ಗೊತ್ತಾಗೋಕೆ ಆರರಿಂದ ಎಂಟು ವಾರ. ಅಂದ್ರೆ ನೀವೀಗ ಇರೋದು ಅತ್ಯಂತ ಕೆಟ್ಟ ಹದಿನೈದು ದಿನದಲ್ಲಿ. ತೊಂದರೆ ಎಲ್ಲಾ ಬಂದಾಗಿದೆ, ಲಾಭ ಒಂದೂ ಬಂದಿಲ್ಲ. ಬಹಳಷ್ಟು ಜನ ಮಾತ್ರೆ ಬಿಡೋದು ಇಲ್ಲೇ.

ಆಕಳಿಕೆ, ವಿಚಿತ್ರ ಕನಸು ಇವೆರಡೂ ಎಸ್ಸಿಟಲೋಪ್ರಾಮ್‌ನ ಪಟ್ಟಿಯಲ್ಲೇ ಇವೆ, ನಿಮ್ಮ ಭ್ರಮೆ ಅಲ್ಲ. ದವಡೆ ನೋವು ಅಂದ್ರೆ ನಿದ್ದೆಯಲ್ಲಿ ಹಲ್ಲು ಕಡೀತಿರಬಹುದು, ಮನೆಯವರನ್ನ ಕೇಳಿ ನೋಡಿ. ಅದೂ ಇದರಲ್ಲಿ ಬರುತ್ತೆ. ರಾತ್ರಿ ತಗೊಂಡಾಗ ನಿದ್ದೆ ಕೆಡೋರಿಗೆ ಎಷ್ಟೋ ಸಲ ಬೆಳಿಗ್ಗೆ ತಿಂಡಿ ಆದ್ಮೇಲೆ ತಗೊಳ್ಳೋಕೆ ಹೇಳ್ತೀವಿ. ನಿಮ್ಮ ಡಾಕ್ಟರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು. ರಿಸೆಪ್ಶನ್‌ಗೆ ಮತ್ತೆ ಫೋನ್ ಮಾಡಿ, "ಮಾತ್ರೆ ನಿಲ್ಲಿಸೋ ಹಂತದಲ್ಲಿದ್ದೀನಿ, ಡಾಕ್ಟರ್‌ಗೆ ತಿಳಿಸಿ, ವಾಪಸ್ ಫೋನ್ ಮಾಡಿಸಿ" ಅಂತ ಈ ಮಾತನ್ನೇ ಹೇಳಿ. 'ಸ್ವಲ್ಪ ತೊಂದರೆ' ಅಂದ್ರೆ ಯಾರೂ ಡಾಕ್ಟರನ್ನ ಎಬ್ಬಿಸಲ್ಲ.

ಡಬ್ಬಿಯೊಳಗಿನ ಚೀಟಿ ಓದಿ ಹೆದರಿಕೊಳ್ಳೋವ್ರಿಗೆ ಒಂದು ಮಾತು. ಅದರಲ್ಲಿ 'ಅತಿ ಸಾಮಾನ್ಯ' ಅಂತಿದ್ರೆ 10 ಜನರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಬರುತ್ತೆ ಅಂತ ಅರ್ಥ. 'ಸಾಮಾನ್ಯ' ಅಂದ್ರೆ 10ರಲ್ಲಿ ಒಬ್ಬರಿಂದ 100ರಲ್ಲಿ ಒಬ್ಬರವರೆಗೆ. 'ಅಪರೂಪ' ಅಂದ್ರೆ 1000ಕ್ಕೆ ಒಬ್ಬರಿಗಿಂತ ಕಡಿಮೆ. ವಾಕರಿಕೆಯೂ ಲಿವರ್ ತೊಂದರೆಯೂ ಒಂದೇ ಪುಟದಲ್ಲಿ ಒಂದೇ ಸೈಜಿನ ಅಕ್ಷರದಲ್ಲಿ ಅಚ್ಚಾಗಿರೋದ್ರಿಂದ ಎರಡೂ ಸಮ ಅನ್ನಿಸುತ್ತೆ.

ಕೊನೇದಾಗಿ, ನಿಮ್ಮತ್ತೆ ಕೇಳಿದ ಪ್ರಶ್ನೆಯನ್ನ ತಮಾಷೆ ಅಂತ ಬಿಡಬೇಡಿ. ಮುಟ್ಟು ತಡವಾಗಿದ್ರೆ ಒಂದು ಕಿಟ್ ತಂದು ಪರೀಕ್ಷೆ ಮಾಡ್ಕೊಳ್ಳಿ. ಬೆಳಗಿನ ವಾಕರಿಕೆ ಎಲ್ಲಾ ಮಾತ್ರೆಯಿಂದಾನೇ ಅಂದ್ಕೊಳ್ಳೋಕಾಗಲ್ಲ.

ಬಸವನಗುಡಿ_ತಾತ

ಪಿಜಿ ಮಾಡುತ್ತಿರುವ ಮಗುವಿನ ಮಾತು ಸರಿಯಾಗಿದೆ. ಆದರೆ ಆ ಕೆಟ್ಟ ಹದಿನೈದು ದಿನ ತಡೆದುಕೊಂಡರೆ ಸಾಕು ಎಂದುಕೊಳ್ಳುವುದು ಎಲ್ಲರಿಗೂ ಹೊಂದುವುದಿಲ್ಲ ಎಂದು ಹೇಳಲು ಬರೆಯುತ್ತಿದ್ದೇನೆ. ನಾನು ಬ್ಯಾಂಕಿನಿಂದ ನಿವೃತ್ತ. ನನ್ನ ಮನೆಯವಳಿಗೆ ಎಪ್ಪತ್ತು ದಾಟಿದೆ. ಅವಳ ಅಣ್ಣ ತೀರಿಕೊಂಡ ಮೇಲೆ ಮಂಕಾಗಿಬಿಟ್ಟಳು, ಊಟ ಬಿಟ್ಟಳು. ಇದೇ ಗುಂಪಿನ ಮಾತ್ರೆ ಕೊಟ್ಟರು. ಮೊದಲಿನಿಂದ ಬಿಪಿಗೆ ಒಂದು ಮಾತ್ರೆ ಇತ್ತು.

ಸ್ವಲ್ಪ ದಿನಕ್ಕೆ ಮಾತು ತೊದಲಲು ಶುರುವಾಯಿತು. ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ಎದುರಿಗೇ ನಿಂತು ನೋಡುತ್ತಿದ್ದಳು. ಒಂದು ಸಂಜೆ ಗಾಂಧಿ ಬಜಾರಿಗೆ ಹೂ ತರಲು ಹೋದವಳು ಬಹಳ ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ಹೂವಿನ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಾಳೆ. ಮನೆಗೆ ಯಾವ ಕಡೆ ತಿರುಗಬೇಕು ಎಂದು ಗೊತ್ತಾಗುತ್ತಿಲ್ಲ. ಹೂವಿನವಳು ಪಾಪ ನೀರು ಕುಡಿಸಿ ಕೂರಿಸಿದ್ದಳು. ಮಗಳು ಫೋನಿನಲ್ಲಿ "ಅಪ್ಪಾ, ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಯಿತೇನೋ" ಎಂದು ಅತ್ತಳು. ನೆಂಟರಲ್ಲಿ ಒಬ್ಬರು "ವಯಸ್ಸಾಯಿತು ಬಿಡಿ" ಎಂದರು. ಅಳುವುದಕ್ಕಿಂತ ಆ ಮಾತು ಕೆಟ್ಟದ್ದು.

ತುರ್ತು ವಿಭಾಗದಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಸೋಡಿಯಂ 120ಕ್ಕಿಂತ ಕೆಳಗೆ ಬಂದಿತ್ತು. ಇರಬೇಕಾದ್ದು 135ರಿಂದ 145. ಡಾಕ್ಟರು ನಮ್ಮ ಬಿಪಿ ಮಾತ್ರೆಯ ಶೀಟನ್ನು ತಿರುಗಿಸಿ ತೋರಿಸಿದರು. ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಎಂಬ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿತ್ತು. ಅದೂ ಸೋಡಿಯಂ ಇಳಿಸುತ್ತದೆ, ಇದೂ ಇಳಿಸುತ್ತದೆ, ವಯಸ್ಸೂ ಸೇರಿಕೊಂಡಿತು. ಹಾಗಿದ್ದರೆ ಉಪ್ಪು ಕಲಸಿದ ನೀರು ಕುಡಿಸಿದರೆ ಸಾಲದೇ ಎಂದು ಕೇಳಿದೆ. ಇಲ್ಲವಂತೆ. ಇಲ್ಲಿ ಉಪ್ಪು ಕಡಿಮೆಯಾದದ್ದಲ್ಲ, ದೇಹ ನೀರು ಹಿಡಿದಿಟ್ಟುಕೊಂಡದ್ದು. ನೀರನ್ನೇ ಅಳತೆಯಲ್ಲಿ ಕೊಡಬೇಕು, ಸೋಡಿಯಂ ನಿಧಾನಕ್ಕೆ ಏರಿಸಬೇಕು, ಅವಸರ ಮಾಡಿದರೆ ಮಿದುಳಿಗೇ ಪೆಟ್ಟು. ಎರಡೂ ಮಾತ್ರೆ ಬದಲಾಯಿಸಿದರು. ಈಗ ರಾತ್ರಿ ಮಿರ್ಟಾಜಪೀನ್ ಎಂಬ ಬೇರೆ ಡಿಪ್ರೆಶನ್ ಮಾತ್ರೆ, ಬಿಪಿಗೂ ಬೇರೆ ಗುಂಪಿನದು. ವಾರದೊಳಗೆ ಪದಬಂಧ ತುಂಬಲು ಕೂತಳು, ನನ್ನ ಕಾಗುಣಿತ ತಿದ್ದಲು ಶುರುಮಾಡಿದಳು.

ಅರವತ್ತೈದು ದಾಟಿದವರು ಮನೆಯಲ್ಲಿದ್ದರೆ, ಈ ಮಾತ್ರೆ ಶುರುವಾದ ಮೊದಲ ತಿಂಗಳಲ್ಲಿ ಒಂದು ಸಲ ಸೋಡಿಯಂ ನೋಡಿಸಬೇಕೇ ಎಂದು ಡಾಕ್ಟರನ್ನು ಕೇಳಿ. ಸಣ್ಣ ಪರೀಕ್ಷೆ, ಯಾವ ಲ್ಯಾಬಿನಲ್ಲೂ ಆಗುತ್ತದೆ.

ಮೆಡಿಕಲ್_ಶಾಪ್_ಮಾಮ

ತಾತ ಹೇಳಿದ್ದು ಬಂಗಾರದಂಥ ಮಾತು. ಬಿಪಿ ಮಾತ್ರೆ ಹೆಸರಿನ ಕೊನೆಗೆ 'ಎಚ್' ಅಂತ ಇದ್ರೆ ಅದರಲ್ಲಿ ಸಾಮಾನ್ಯವಾಗಿ ಈ ನೀರಿನ ಮಾತ್ರೆ ಇರುತ್ತೆ. ಜನ ಅದನ್ನ ಲೆಕ್ಕಕ್ಕೇ ಇಟ್ಕೊಳ್ಳಲ್ಲ.

ಇನ್ನೊಂದು, ಮಂಡಿನೋವು ಸೊಂಟನೋವು ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳ್ಕೊಂಡು ಬರೋರು. ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್‌ಗಳಿಗೂ ಸೆರೊಟೋನಿನ್ ಬೇಕು. ಈ ಮಾತ್ರೆ ಅದನ್ನ ಕಡಿಮೆ ಮಾಡೋದ್ರಿಂದ ಜೊತೆಗೆ ನೋವಿನ ಮಾತ್ರೆಯೋ ಆಸ್ಪಿರಿನ್ನೋ ಸೇರಿದ್ರೆ ಹೊಟ್ಟೆಯೊಳಗೆ ರಕ್ತ ಜಿನುಗೋ ಸಾಧ್ಯತೆ ಜಾಸ್ತಿ. ಮಲ ಟಾರಿನ ಹಾಗೆ ಕಪ್ಪಗೆ ಬಂದ್ರೆ ಕಾಯಬೇಡಿ. ಹೃದಯಕ್ಕೆ ಅಂತ ಆಸ್ಪಿರಿನ್ ತಗೊಳ್ಳೋವ್ರು ಅದನ್ನ ತಾವೇ ನಿಲ್ಲಿಸಬೇಡಿ, ಎರಡೂ ಇದೆ ಅಂತ ಡಾಕ್ಟರ್‌ಗೆ ತಿಳಿಸಿ.

ಕೆಮ್ಮಿನ ಸಿರಪ್‌ನಲ್ಲಿ ಡೆಕ್ಸ್ಟ್ರೋಮೆಥಾರ್ಫಾನ್, ನೋವಿಗೆ ಟ್ರಮಡಾಲ್, ಇವೆರಡೂ ಸೆರೊಟೋನಿನ್ ಏರಿಸೋ ಕಡೆಯವು. ಆಂಟಿಬಯೋಟಿಕ್‌ಗಳಲ್ಲಿ ಲಿನೆಜೋಲಿಡ್. ಮೈ ಬೆವರಿ, ನಡುಕ, ಮಾಂಸಖಂಡ ಅದುರೋದು, ಭೇದಿ, ಜ್ವರ, ಮಾತು ಅಡ್ಡಾದಿಡ್ಡಿ, ಇವೆಲ್ಲ ಒಟ್ಟಿಗೆ ಕೆಲವೇ ಗಂಟೆಗಳಲ್ಲಿ ಏರಿಬಂದ್ರೆ ಅದು ಕಾಯೋ ಸೈಡ್ ಇಫೆಕ್ಟ್ ಅಲ್ಲ, ಆಟೋ ಹಿಡಿದು ಎಮರ್ಜೆನ್ಸಿಗೆ ಹೋಗೋದು. ಡಾಕ್ಟರ್ ಕೊಟ್ಟ ಚೀಟಿನ ಫೋನಲ್ಲಿ ಫೋಟೋ ತೆಗೆದು ಇಟ್ಕೊಳ್ಳಿ, ಯಾವ ಮೆಡಿಕಲ್‌ಗೆ ಹೋದ್ರೂ ತೋರಿಸಿ. ಎಲ್ಲಾ ಅಂಗಡಿಯವರೂ ನನ್ನ ಹಾಗೆ ತಲೆ ತಿನ್ನಲ್ಲ, ತೋರಿಸದಿದ್ರೆ ಕೇಳೋದೂ ಇಲ್ಲ.

ಹುಬ್ಬಳ್ಳಿ_ಮಂದಿ

ನಂದೊಂದು ಅನುಭವ ಕೇಳ್ರಿ. ನಾ ಯಲಹಂಕದಾಗ ಇರಾಂವ, ಡಿಪ್ರೆಶನ್‌ಗ ವೆನ್ಲಾಫಾಕ್ಸಿನ್ ಗುಳಿಗಿ ನಡದಿತ್ತು. ಗುಳಿಗಿ ಛಲೋನೂ ಮಾಡಿತ್ತು. ದೀಪಾವಳಿಗೆ ಊರಿಗೆ ಹೋದೆ, ಅಲ್ಲಿ ಮಳಿ, ಬಸ್ ಬಂದ್, ಶೀಟ್ ಖಾಲಿ. ನಮ್ಮ ಹಳ್ಳ್ಯಾಗಿನ ಅಂಗಡ್ಯಾಂವ ಆ ಹೆಸರ ಕೇಳಿಲ್ಲ ಅಂದ. ಮರುದಿನ ಮಧ್ಯಾಹ್ನಕ್ಕ ಶುರು ಆತ್ ನೋಡ್ರಿ. ಕಣ್ಣು ಆ ಕಡೆ ಈ ಕಡೆ ತಿರುಗಿಸಿದ್ರ ಸಾಕು, ತಲ್ಯಾಗ ಝುಮ್ ಅಂತ ಕರೆಂಟ್ ಹೊಡದಂಗ. ತಲಿ ತಿರಗೂದು, ವಾಂತಿ ಬಂದಂಗ, ಸಣ್ಣ ಹುಡುಗರ ಮ್ಯಾಲೆ ಸಿಟ್ಟು. ನಮ್ಮವ್ವ ದೃಷ್ಟಿ ತಗದ್ಲು ಪಾಪ.

ನನಗ ಖರೇ ಅಂಜಿಕಿ ಬಂದದ್ದು ಏನಂದ್ರ, "ಬ್ಯಾನಿ ಮತ್ತ ಹೊಳ್ಳಿ ಬಂತು" ಅಂತ. ಹುಬ್ಬಳ್ಳಿಗೆ ಬಂದು ಗುಳಿಗಿ ತಗೊಂಡ ಮ್ಯಾಲೆ ಅವತ್ತ ಸಂಜಿಗೇ ಎಲ್ಲಾ ಇಳದ್ ಹೋತು. ಗುರು ಅಣ್ಣಾರ, ಇದು ಚಟ ಏನ್ರಿ?

ಪಿಜಿ_ಡೈರಿ

ಅಣ್ಣಾ, ಇದು ಚಟ ಅಲ್ಲ. ಚಟ ಅಂದ್ರೆ ಇನ್ನಷ್ಟು ಬೇಕು ಅನ್ನೋ ಹಂಬಲ, ಡೋಸ್ ಏರಿಸ್ತಾ ಹೋಗೋದು. ಅದು ಈ ಮಾತ್ರೆಗಳಲ್ಲಿ ಇರಲ್ಲ. ಆದ್ರೆ 'ಚಟ ಅಲ್ಲ' ಅಂತ ಹೇಳಿ ಮಾತು ಮುಗಿಸೋ ಡಾಕ್ಟರ್‌ಗಳ ಮೇಲೆ ನಂಗೂ ಸ್ವಲ್ಪ ಸಿಟ್ಟಿದೆ. ತಟ್ಟನೆ ಬಿಟ್ಟಾಗ ಬರೋ ಹಿಂಸೆ ನಿಜ, ಅದನ್ನ ಮೊದಲೇ ಹೇಳಬೇಕು.

ಎಷ್ಟು ಬೇಗ ದೇಹದಿಂದ ಹೊರಗೆ ಹೋಗುತ್ತೆ ಅನ್ನೋದ್ರ ಮೇಲೆ ಇದು ನಿಂತಿದೆ. ವೆನ್ಲಾಫಾಕ್ಸಿನ್, ಪ್ಯಾರೊಕ್ಸೆಟಿನ್ ಬೇಗ ಖಾಲಿಯಾಗ್ತವೆ, ಅದಕ್ಕೇ ಅವು ಕುಖ್ಯಾತ. ಫ್ಲೂಒಕ್ಸೆಟಿನ್ ವಾರಗಟ್ಟಲೆ ಉಳಿಯುತ್ತೆ, ಬಿಟ್ಟರೂ ಅಷ್ಟಾಗಿ ಗೊತ್ತಾಗಲ್ಲ. ಎಸ್ಸಿಟಲೋಪ್ರಾಮ್ ನಡುವೆ. ಬ್ಯಾನಿ ಹೊಳ್ಳಿ ಬಂತಾ, ಇಲ್ಲ ಮಾತ್ರೆ ತಪ್ಪಿದ್ದಕ್ಕಾ ಅಂತ ನೋಡೋಕೆ ಸಾಮಾನ್ಯವಾಗಿ ಗಮನಿಸೋದು ಹೀಗೆ: ತಪ್ಪಿದ್ದಕ್ಕಾದ್ರೆ ಒಂದೆರಡು ದಿನದಲ್ಲಿ ಶುರು, ತಲೆಯಲ್ಲಿ ಕರೆಂಟ್ ಥರದ ಹೊಸ ಲಕ್ಷಣ ಇರುತ್ತೆ, ಮತ್ತೆ ತಗೊಂಡ್ರೆ ಬೇಗ ಇಳಿಯುತ್ತೆ. ಕಾಯಿಲೆ ಮರಳೋದು ಹೆಚ್ಚಾಗಿ ವಾರಗಳ ಮೇಲೆ, ನಿಧಾನಕ್ಕೆ.

ಇಳಿಸುವಾಗ ಕೊನೆಯ ಮೆಟ್ಟಿಲೇ ಕಷ್ಟ. ಮೊದಲ ಅರ್ಧ ಸುಲಭವಾಗಿ ಹೋಗುತ್ತೆ, ಕೊನೆಯ 5 ಎಂಜಿಯಿಂದ ಸೊನ್ನೆಗೆ ಬರುವಾಗ ಜನ ಒದ್ದಾಡ್ತಾರೆ. ಸಣ್ಣ ಡೋಸ್ ಕೂಡ ಮಿದುಳಲ್ಲಿ ಸಾಕಷ್ಟು ಜಾಗ ಹಿಡಿದಿರುತ್ತೆ ಅನ್ನೋದು ಕಾರಣ. ವರ್ಷಗಟ್ಟಲೆ ತಗೊಂಡವರಿಗೆ ತಿಂಗಳುಗಳೇ ಬೇಕಾಗಬಹುದು. ವೆನ್ಲಾಫಾಕ್ಸಿನ್ ತಗೊಳ್ಳೋವ್ರು ಬಿಪಿನೂ ಆಗಾಗ ನೋಡಿಸ್ತಿರಿ, ಡೋಸ್ ಜಾಸ್ತಿಯಾದಾಗ ಅದು ಏರಬಹುದು.

ಹೆಸರು_ಬೇಡ_44

ಇದನ್ನ ಕೇಳೋಕೆಂದೇ ಹೊಸ ಐಡಿ ಮಾಡಿದ್ದೀನಿ. ಸರ್ಟ್ರಾಲಿನ್ ತಗೊಳ್ಳೋಕೆ ಶುರು ಮಾಡಿ ಬಹಳ ಕಾಲ ಆಯ್ತು. ಮನಸ್ಸು ಚೆನ್ನಾಗಿದೆ, ಕೆಲಸ ಚೆನ್ನಾಗಿದೆ. ಗಂಡ ಹೆಂಡತಿ ನಡುವಿನ ವಿಷಯ ಮಾತ್ರ ಪೂರ್ತಿ ನಿಂತುಹೋಗಿದೆ. ಆಸೆ ಇಲ್ಲ, ಇದ್ರೂ ಮುಗಿಯಲ್ಲ. ಹೆಂಡತಿ ಬೇರೇನೋ ಅಂದ್ಕೊಂಡಿದ್ದಾಳೆ. ಡಾಕ್ಟರ್ ಲೇಡಿ, ನಮ್ಮಮ್ಮನ ವಯಸ್ಸಿನವರು, ಹೇಗೆ ಬಾಯಿ ಬಿಡಲಿ? ಇದೂ ಎರಡು ವಾರಕ್ಕೆ ಹೋಗೋ ಜಾತಿನಾ?

ಪಿಜಿ_ಡೈರಿ

ಅಲ್ಲ. ಬಹಳಷ್ಟು ಜನಕ್ಕೆ ಇದು ತಾನಾಗೇ ಹೋಗಲ್ಲ, ಮಾತ್ರೆ ಇರೋವರೆಗೆ ಇರುತ್ತೆ. ಆಸೆ ಕಡಿಮೆ, ತಡವಾಗೋದು, ಆಗದೇ ಇರೋದು, ಹೆಂಗಸರಿಗೂ ಅಷ್ಟೇ ಬರುತ್ತೆ. ನಾಚಿಕೆಯಿಂದ ಯಾರೂ ಹೇಳಲ್ಲ, ಓಪಿಡಿ ಗಡಿಬಿಡಿಯಲ್ಲಿ ನಾವೂ ಕೇಳಲ್ಲ, ಹಾಗಾಗಿ ಲೆಕ್ಕಕ್ಕೆ ಸಿಗೋದು ಕಡಿಮೆ. ಆ ಮೇಡಂ ಇದನ್ನ ಸಾವಿರ ಸಲ ಕೇಳಿರ್ತಾರೆ. ಬಾಯಲ್ಲಿ ಹೇಳೋಕಾಗದಿದ್ರೆ ಚೀಟೀಲಿ 'ಲೈಂಗಿಕ ತೊಂದರೆ, ಮಾತ್ರೆ ಶುರುವಾದ ಮೇಲೆ' ಅಂತ ಬರೆದು ಟೇಬಲ್ ಮೇಲಿಡಿ. ಎಷ್ಟೋ ಜನ ಹಾಗೆ ಮಾಡ್ತಾರೆ.

ದಾರಿಗಳಿವೆ. ಡೋಸ್ ತಗ್ಗಿಸೋದು, ಬುಪ್ರೊಪಿಯಾನ್ ಅಥವಾ ಮಿರ್ಟಾಜಪೀನ್ ಕಡೆ ಬದಲಾಯಿಸೋದು, ಕೆಲವರಿಗೆ ಜೊತೆಗೆ ಬುಪ್ರೊಪಿಯಾನ್ ಸೇರಿಸೋದು. ಫಿಟ್ಸ್ ಬಂದವರಿಗೆ ಬುಪ್ರೊಪಿಯಾನ್ ಆಗಲ್ಲ, ಮಿರ್ಟಾಜಪೀನ್‌ಗೆ ಹಸಿವು ಮತ್ತು ತೂಕ ಏರುತ್ತೆ. ಯಾವುದೂ ಪುಕ್ಕಟೆ ಅಲ್ಲ. ಶುಗರ್, ಬಿಪಿ ಮಾತ್ರೆ, ಕುಡಿತ, ಡಿಪ್ರೆಶನ್ನೇ ಕೂಡ ಇದಕ್ಕೆ ಕಾರಣ ಆಗಬಹುದು, ಅದಕ್ಕೆ ಮಾತ್ರೆಗೆ ಮುಂಚೆ ಹೇಗಿತ್ತು ಅಂತ ನೆನಪು ಮಾಡ್ಕೊಂಡು ಹೋಗಿ. ಕೆಲವೇ ಕೆಲವರಿಗೆ ಮಾತ್ರೆ ಬಿಟ್ಟ ಮೇಲೂ ಈ ತೊಂದರೆ ಉಳಿದದ್ದುಂಟು. 2019ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಆ ಎಚ್ಚರಿಕೆಯನ್ನ ಮಾಹಿತಿ ಚೀಟಿಗೆ ಸೇರಿಸೋಕೆ ಹೇಳಿತು. ಹೆದರಿಸೋಕೆ ಅಲ್ಲ, ಮುಚ್ಚಿಟ್ಟು ಹೇಳಬಾರದು ಅಂತ ಬರೆದೆ.

ಹೆಂಡತಿಗೆ ಇವತ್ತೇ ಹೇಳಿ. ಅದಕ್ಕೆ ಯಾವ ಡಾಕ್ಟರೂ ಬೇಡ.

ವಿಜಯನಗರ_ಅಮ್ಮ

ನನ್ನ ಮಗನಿಗೆ 19. ಇಂಜಿನಿಯರಿಂಗ್ ಎರಡನೇ ವರ್ಷ. ಕಳೆದ ವಾರ ಫ್ಲೂಒಕ್ಸೆಟಿನ್ ಶುರು ಮಾಡಿದ್ದಾರೆ. ಇಂಟರ್‌ನೆಟ್‌ನಲ್ಲಿ 'ಈ ಮಾತ್ರೆಯಿಂದ ಆತ್ಮಹತ್ಯೆ ಯೋಚನೆ ಬರುತ್ತೆ' ಅಂತ ಓದಿ ನನ್ನ ಎದೆ ಒಡೆದುಹೋಯ್ತು. ಹೌದಾ? ಕೊಡ್ಲಾ ಬೇಡ್ವಾ? ಅವನಿಗೆ ಕೂತಲ್ಲಿ ಕೂರೋಕೆ ಆಗ್ತಿಲ್ಲ, ರಾತ್ರಿ ಹಾಲ್‌ನಲ್ಲಿ ಶತಪಥ ಹಾಕ್ತಾನೆ.

ಪಿಜಿ_ಡೈರಿ

ಅಮ್ಮಾ, ಕೊನೆಯ ಸಾಲು ಮುಖ್ಯ. ಇವತ್ತೇ ಡಾಕ್ಟರ್‌ಗೆ ತಿಳಿಸಿ. ಕೂರೋಕಾಗದ ಚಡಪಡಿಕೆ, ಹೊಸದಾಗಿ ಬಂದ ಸಿಟ್ಟು, ಎರಡು ಮೂರು ಗಂಟೆ ನಿದ್ದೆಯೇ ಸಾಕು ಅನ್ನೋ ಹುರುಪು, ಇವನ್ನ 'ಎರಡು ವಾರ ನೋಡೋಣ' ಅಂತ ಬಿಡೋ ಹಾಗಿಲ್ಲ. ಹುರುಪು ಅತಿಯಾದ್ರೆ ಒಳಗೆ ಬೈಪೋಲಾರ್ (ಅತಿ ಹುರುಪು, ಅತಿ ಮಂಕು ಸರದಿಯಲ್ಲಿ ಬರೋ ಕಾಯಿಲೆ) ಇದೆಯಾ ಅಂತಾನೂ ನೋಡಬೇಕಾಗುತ್ತೆ. ಮನೆತನದಲ್ಲಿ ಯಾರಿಗಾದ್ರೂ ಹಾಗಿತ್ತಾ ಅಂತ ನೆನಪಿದ್ರೆ ಹೇಳಿ.

ನೀವು ಓದಿದ್ದು ಇದು: ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆ ಈ ಎಚ್ಚರಿಕೆ ಹಾಕಿಸಿತು, 2007ರಲ್ಲಿ 24 ವರ್ಷದವರೆಗೆ ವಿಸ್ತರಿಸಿತು. ಶುರುವಿನ ವಾರಗಳಲ್ಲಿ ಮತ್ತು ಡೋಸ್ ಬದಲಾದಾಗ ಅಂಥ ಯೋಚನೆ ಕೆಲವರಲ್ಲಿ ಹೆಚ್ಚಾಗಬಹುದು ಅಂತ. ಅದಕ್ಕಿಂತ ದೊಡ್ಡವರಲ್ಲಿ ಆ ಹೆಚ್ಚಳ ಕಂಡುಬಂದಿಲ್ಲ. ಎಚ್ಚರಿಕೆ ಇರೋದು ಕೊಡಬೇಡಿ ಅಂತ ಅಲ್ಲ, ಹತ್ತಿರ ಇದ್ದು ನೋಡ್ಕೊಳ್ಳಿ ಅಂತ. ಚಿಕಿತ್ಸೆ ಇಲ್ಲದ ಡಿಪ್ರೆಶನ್ ಕೂಡ ಅಪಾಯವೇ.

ಮಗನನ್ನ ನೇರವಾಗಿ ಕೇಳಿ, "ಸಾಯಬೇಕು ಅಂತ ಅನ್ನಿಸ್ತಿದೆಯಾ ಕಂದ?" ಅಂತ. ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ. ಹೌದು ಅಂದ್ರೆ ಒಂಟಿಯಾಗಿ ಬಿಡಬೇಡಿ, ಮಾತ್ರೆ ಡಬ್ಬಿ ನಿಮ್ಮ ಹತ್ರಾನೇ ಇರಲಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಎಮರ್ಜೆನ್ಸಿ 24 ಗಂಟೆಯೂ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಮಾಡರೇಟರ್

ವಿಜಯನಗರ ಅಮ್ಮನವರಿಗೆ ವೈಯಕ್ತಿಕವಾಗಿ ಸಂದೇಶ ಕಳಿಸಿದ್ದೇವೆ. ಎಲ್ಲರಿಗೂ ವಿನಂತಿ: 'ನಾನು ಅರ್ಧ ಮಾತ್ರೆ ಮಾಡಿಕೊಂಡೆ, ನೀವೂ ಮಾಡಿ' ಎಂಬಂಥ ಎರಡು ಉತ್ತರಗಳನ್ನು ತೆಗೆದಿದ್ದೇವೆ. ಅನುಭವ ಬರೆಯಿರಿ, ಡೋಸ್ ಬರೆದುಕೊಡಬೇಡಿ.

ಗುರು_ಪೀಣ್ಯ

ಚಿಕ್ಕಪ್ಪನ ಶೀಟ್ ನೋಡಿದೆ. ಮಾಮ ಹೇಳಿದ ಹಾಗೇ ಇದೆ, ಕ್ಲೋನಜೆಪಾಮ್ 0.5. ಸರಿ, ಒಪ್ಪಿದೆ. ಆದ್ರೂ ನನ್ನ ಪ್ರಶ್ನೆ ಹಾಗೇ ಇದೆ. ಇಷ್ಟು ವರ್ಷ ಆ ಚೀಟಿನೇ ತೋರಿಸಿ ಮಾತ್ರೆ ತಗೊಂಡಿದಾರೆ, ಒಬ್ಬರೂ ಕೇಳಿಲ್ಲ. ಹಾಗಾದ್ರೆ ಜನ ಹೆದರೋದ್ರಲ್ಲಿ ತಪ್ಪೇನಿದೆ? ಮತ್ತೆ ಇವಕ್ಕೆ ಬದಲಾಗಿ ಗಿಡಮೂಲಿಕೆ ಒಳ್ಳೇದಲ್ವಾ, ಸೈಡ್ ಇಫೆಕ್ಟ್ ಇರಲ್ಲ.

ಮೆಡಿಕಲ್_ಶಾಪ್_ಮಾಮ

ಹೆದರೋದ್ರಲ್ಲಿ ತಪ್ಪಿಲ್ಲ ಗುರು. ಹಳೇ ಚೀಟಿಗೆ ಮಾತ್ರೆ ಕೊಡೋ ಅಂಗಡಿಗಳೂ ಇವೆ, ಒಳಗೆ ಕೂತು ನಾನೇ ಹೇಳ್ತಿದ್ದೀನಿ. ಗಿಡಮೂಲಿಕೆಗೆ ಸೈಡ್ ಇಫೆಕ್ಟ್ ಇಲ್ಲ ಅನ್ನೋದನ್ನ ಮಾತ್ರ ಒಪ್ಪಲ್ಲ. ಸೇಂಟ್ ಜಾನ್ಸ್ ವರ್ಟ್ ಅಂತ ಒಂದು ಸಸ್ಯದ ಕ್ಯಾಪ್ಸೂಲ್ ಆನ್‌ಲೈನಲ್ಲಿ ಮಾರ್ತಾರೆ, 'ಮೂಡ್‌ಗೆ ನೈಸರ್ಗಿಕ' ಅಂತ. ಅದನ್ನ ಈ ಮಾತ್ರೆ ಜೊತೆ ಸೇರಿಸಿದ್ರೆ ಸೆರೊಟೋನಿನ್ ಮಿತಿ ಮೀರುತ್ತೆ. ಗರ್ಭನಿರೋಧಕ ಮಾತ್ರೆ ಕೆಲಸ ಮಾಡದ ಹಾಗೂ ಮಾಡುತ್ತೆ. ಏನೇ ತಗೊಂಡ್ರೂ ಡಾಕ್ಟರ್‌ಗೆ ಹೇಳಿ, ಬೈದ್ರೆ ಬೈಲಿ.

ಯಾವ ಔಷಧಿಯಿಂದಾದ್ರೂ ಕೆಟ್ಟ ಪರಿಣಾಮ ಆದ್ರೆ ದೂರು ಕೊಡೋಕೂ ಜಾಗ ಇದೆ. 2010ರಿಂದ ಕೇಂದ್ರ ಸರ್ಕಾರದ ಔಷಧ ಜಾಗೃತಿ ಕಾರ್ಯಕ್ರಮ ನಡೀತಿದೆ, 1800-180-3024 ಉಚಿತ ನಂಬರ್. ಡಾಕ್ಟರೇ ಮಾಡಬೇಕಂತಿಲ್ಲ, ರೋಗಿನೂ ಮಾಡಬಹುದು.

ನಾಗರಭಾವಿ_ನಿವಾಸಿ

ಎಲ್ಲರಿಗೂ ಥ್ಯಾಂಕ್ಸ್. ಪಿಜಿ ಅವರು ಹೇಳಿದ ವಾಕ್ಯಾನೇ ರಿಸೆಪ್ಶನ್‌ಗೆ ಹೇಳಿದೆ, ಸಂಜೆನೇ ಡಾಕ್ಟರ್ ಫೋನ್ ಮಾಡಿದ್ರು! ಮಾತ್ರೆ ಬೆಳಿಗ್ಗೆ ತಿಂಡಿ ಆದ್ಮೇಲೆ ಅಂತ ಬದಲಾಯ್ತು, ಇನ್ನೊಂದು ವಾರ ಮತ್ತೆ 5 ಎಂಜಿಯೇ ಇರಲಿ, ಆಮೇಲೆ 10 ಅಂದ್ರು. ಕಿಟ್ ತಂದು ನೋಡಿದೆ, ಅತ್ತೆಗೆ ನಿರಾಸೆ. ಶೀಟ್ ಓದಿದೆ, ಪ್ಲೇನೇ. ಹಲ್ಲು ಕಡಿಯೋದು ನಿಜ, ನಮ್ಮನೆಯವರು "ಇಲಿ ಬಂದಿದೆ ಅಂದ್ಕೊಂಡಿದ್ದೆ" ಅಂದ್ರು. ಹೊಟ್ಟೆ ಸ್ವಲ್ಪ ಪರವಾಗಿಲ್ಲ, ಇಡ್ಲಿ ಇಳೀತಿದೆ. ಆಕಳಿಕೆ ಇನ್ನೂ ಇದೆ. ಮನಸ್ಸು ಹೇಗಿದೆ ಅಂತ ಈಗಲೇ ಏನೂ ಹೇಳೋಕೆ ಆಗ್ತಿಲ್ಲ. ವಿಜಯನಗರ ಅಮ್ಮ, ಮಗ ಹೇಗಿದ್ದಾನೆ?

ವಿಜಯನಗರ_ಅಮ್ಮ

ಅವತ್ತೇ ಕರ್ಕೊಂಡು ಹೋದ್ವಿ. ಡೋಸ್ ಇಳಿಸಿದ್ದಾರೆ, ಮೂರು ದಿನಕ್ಕೊಮ್ಮೆ ಫೋನ್ ಮಾಡೋಕೆ ಹೇಳಿದ್ದಾರೆ. ನೇರವಾಗಿ ಕೇಳಿದೆ. ಉತ್ತರ ಇಲ್ಲಿ ಬರೆಯಲ್ಲ. ಕೇಳಿದ್ದು ಒಳ್ಳೇದಾಯ್ತು.

ಕೆಂಗೇರಿ_ಎಕ್ಸ್‌ಪ್ರೆಸ್

ಮಧ್ಯ ನುಗ್ತಿದ್ದೀನಿ, ಕ್ಷಮಿಸಿ. ನಮ್ಮಪ್ಪನಿಗೆ 68. ಶುಗರ್‌ನಿಂದ ಕಾಲು ಉರಿ ಅಂತ ಅಮಿಟ್ರಿಪ್ಟಿಲಿನ್ ಕೊಟ್ಟಿದ್ದಾರೆ. ಇದೂ ಡಿಪ್ರೆಶನ್ ಮಾತ್ರೆ ಅಂತ ಗೂಗಲ್ ಹೇಳ್ತು, ಅವರಿಗೆ ಡಿಪ್ರೆಶನ್ ಇಲ್ಲವೇ ಇಲ್ಲ. ಬಾಯಿ ಒಣಗುತ್ತೆ ಅಂತಾರೆ. ನಿನ್ನೆಯಿಂದ ಮೂತ್ರಕ್ಕೆ ಬಹಳ ಹೊತ್ತು ನಿಂತ್ಕೊಂಡಿರ್ತಾರೆ.

ಪಿಜಿ_ಡೈರಿ

ನರದ ಉರಿಗೆ, ಮೈಗ್ರೇನ್‌ಗೆ ಅದನ್ನ ಸಣ್ಣ ಡೋಸ್‌ನಲ್ಲಿ ಕೊಡೋದು ಹಳೇ ಪದ್ಧತಿ, ತಪ್ಪು ಮಾತ್ರೆ ಅಲ್ಲ. ಬಾಯಿ ಒಣಗೋದು, ಮಲಬದ್ಧತೆ ಅದರ ಗುಣವೇ. ಮೂತ್ರ ಕಟ್ಟೋದು ಮಾತ್ರ ಬೇರೆ ವಿಷಯ. ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಊದಿಕೊಂಡಿದ್ರೆ ಈ ಮಾತ್ರೆ ಮೂತ್ರಾನ ಪೂರ್ತಿ ಕಟ್ಟಿಬಿಡಬಹುದು. ಕಣ್ಣಿನ ಒತ್ತಡ, ಹೃದಯದ ತೊಂದರೆ ಏನಾದ್ರೂ ಇದೆಯಾ? ಇವತ್ತು ರಾತ್ರಿಯ ಮಾತ್ರೆ ಕೊಡೋ ಮುಂಚೆ ಬರೆದುಕೊಟ್ಟ ಡಾಕ್ಟರ್‌ಗೆ ಫೋನ್ ಮಾಡಿ. ಮೂತ್ರ ಪೂರ್ತಿ ನಿಂತು ಕಿಬ್ಬೊಟ್ಟೆ ಬಿಗಿದ್ರೆ ಫೋನ್‌ಗೆ ಕಾಯಬೇಡಿ, ನೇರ ಆಸ್ಪತ್ರೆಗೆ.

ಕೆಂಗೇರಿ_ಎಕ್ಸ್‌ಪ್ರೆಸ್

ಪ್ರಾಸ್ಟೇಟ್ ಮಾತ್ರೆ ತಗೋತಾರೆ. ಕಾಲು ಉರಿಗೆ ಮಾತ್ರೆ ಕೊಟ್ಟ ಡಾಕ್ಟರ್‌ಗೆ ಅಪ್ಪ ಇದನ್ನ ಹೇಳೇ ಇಲ್ಲವಂತೆ. ಫೋನ್ ಮಾಡ್ತಿದ್ದೀನಿ.